ಗುಂಜಿ ದಾರಿಯ ಹಸಿರು ಸೈಕಲ್ಲು

"ಗುದ್ದದಿದ್ರ ಯಾಕ ಎತ್ತಿದಿ ಅಂತ ಕೇಳ್ತಾರ್ರೀ ಅಕ್ಕಾರ. ಅದಕ್ಕ ಏನ್ ಹೇಳಬೇಕ್ರಿ?"

ಅರ್ಶಿಯಾ ಹೀಗೆ ಕೇಳಿದಾಗ ನಾನು ಸುಹಾಸಿನಿ ಅಕ್ಕನ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಬೆಳಗಾವಿಯಲ್ಲಿ ನಾವಿಬ್ಬರೂ ಒಂದೇ ಕಟ್ಟಡದವರು. ಪೊಲೀಸರು ಕೈಬಿಟ್ಟ ಎಷ್ಟೋ ಪ್ರಕರಣಗಳ ಗಂಟುಗಳನ್ನು ಅಕ್ಕ ಬಿಡಿಸುವಾಗ ನಾನು ಜೊತೆಗಿದ್ದೆ.

ಅರ್ಶಿಯಾಳ ಗಂಡ ಚಾಂದಸಾಬ ಖಾನಾಪುರದ ಟೆಂಪೊ ಚಾಲಕ. ನಿವೃತ್ತ ಶಿಕ್ಷಕ ಪದ್ಮಾಕರ ಅವರು ತಂದೆಯ ಕಾಲದ ಹಸಿರು ಸೈಕಲ್ಲಿನಲ್ಲಿ ಗುಂಜಿ ಕಡೆ ಹೋಗುವಾಗ ಯಾವುದೋ ವಾಹನ ಹಿಂದಿನಿಂದ ಗುದ್ದಿತ್ತು. ಅವರನ್ನು ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ತಂದವನು ಚಾಂದಸಾಬ. ಗುದ್ದಿದವನೂ ಅವನೇ ಎಂದು ಮಾಸ್ತರರ ಮಗಳು ದೂರು ಕೊಟ್ಟಿದ್ದಳು. ಮಾಸ್ತರರಿಗೆ ಇನ್ನೂ ಮಾತು ಬಂದಿರಲಿಲ್ಲ.

"ಟೆಂಪೊ ಠಾಣೆದಾಗ ಐತ್ರಿ. ನಾಡಿದ್ದ ಅವರನ್ನೂ ಒಳಗ ಹಾಕ್ತಾರಂತ," ಎಂದಳು ಅರ್ಶಿಯಾ.

ಅಕ್ಕ ಚಪ್ಪಲಿ ಮೆಟ್ಟಿಕೊಂಡರು. "ಸೈಕಲ್ ಎಲ್ಲೈತಿ?"

ಸೈಕಲ್ಲು ಖಾನಾಪುರದ ದುಂಡಪ್ಪನ ಅಂಗಡಿಯ ಅಂಗಳದಲ್ಲಿತ್ತು. ಪೊಲೀಸರು ಗಡಿಬಿಡಿಯಲ್ಲಿ ಒಂದು ಫೋಟೊ ತೆಗೆದು ಅದನ್ನು ಮಾಸ್ತರರ ಮಗಳು ಬ್ರಾಹ್ಮಿಗೆ ಮರಳಿಸಿದ್ದರು. ಅಪ್ಪ ಎದ್ದಾಗ ಸೈಕಲ್ಲು ಮೊದಲಿನಂತೆ ನಿಂತಿರಬೇಕೆಂದು ಆಕೆ ಅದರ ಚಿತ್ರವನ್ನು ಸೈಕಲ್ ಪ್ರಿಯರ ಗುಂಪಿಗೆ ಕಳಿಸಿದ್ದಳು. ಪರಿಚಯವೇ ಇಲ್ಲದವರು ಬಂದು ಕೈ ಹಚ್ಚಿದ್ದರು. ಚೀಲ ಹೊಲಿಯುವ ಲಕ್ಷ್ಮೀ ಹರಿದ ಸೀಟನ್ನು ಹೊಲಿಯುತ್ತಿದ್ದಳು. ಬೆಳಗಾವಿಯ ಪ್ಲೈವುಡ್ ವ್ಯಾಪಾರಿ ಜಿನೇಂದ್ರ ಮೊಣಕಾಲೂರಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವನ ಮನೆ ತುಂಬ ಹಳೆಯ ಸೈಕಲ್ಲುಗಳೇ ಅಂತೆ.

ಅರ್ಶಿಯಾಳನ್ನು ಕಂಡದ್ದೇ ಎಲ್ಲರ ಕೈ ನಿಂತವು.

"ಈಕಿನ್ನ ಯಾಕ ಕರಕೊಂಡ ಬಂದ್ರಿ?" ಎಂದಳು ಬ್ರಾಹ್ಮಿ.

"ಗಂಡ ಕೆಡವಿದ್ದನ್ನ ಹೆಂಡತಿ ನೋಡಾಕ ಬಂದಾಳ," ಎಂದಳು ಲಕ್ಷ್ಮೀ, ಸೂಜಿಯಿಂದ ಕಣ್ಣೆತ್ತದೆ. ಅರ್ಶಿಯಾ ಬಿಸಿಲಿನಲ್ಲೇ ನಿಂತಳು. ನಾನು ಹೋಗಿ ಅವಳ ಬಾಜು ನಿಂತೆ.

ಅಕ್ಕ ಸೈಕಲ್ಲನ್ನು ಒಂದು ಸುತ್ತು ಹಾಕಿ, ಗುಂಪಿಗೆ ಕಳಿಸಿದ ಚಿತ್ರವನ್ನು ಬ್ರಾಹ್ಮಿಯಿಂದ ಕೇಳಿ ನೋಡಿದರು. ಸೊಟ್ಟಗಾದ ಹ್ಯಾಂಡಲ್, ಮುಂದಿನ ಗಾಲಿ. ಅದರಲ್ಲಿ ಕಾಣುತ್ತಿದ್ದದ್ದು ಅಷ್ಟೇ.

"ಏನೇನ್ ಬದಲಿ ಮಾಡೀಯಪ್ಪಾ?" ಎಂದು ದುಂಡಪ್ಪನನ್ನು ಕೇಳಿದರು.

"ಬದಲಿ? ಒಡದ ಬೆಲ್ ತಗೀತೀನಿ ಅಂದ್ರ ಜಿನೇಂದ್ರ ಸಾಹುಕಾರ್ರು ನನ್ನ ಕೊಲ್ಲಾಕ ಬಂದ್ರು. ಹಳೇ ಬೋಲ್ಟ್ ಸೈತ ಎಸೀಬ್ಯಾಡ ಅಂತಾರ. ಹಿಂದಿನ ಮಡ್‌ಗಾರ್ಡ್ ಒಂದ ಬ್ಯಾರೆ. ಅದನ್ನ ಅವರೇ ಮೊದಲನೇ ದಿನಾನ ಬೆಳಗಾವಿಂದ ಹಿಡಕೊಂಡ ಬಂದಿದ್ರು."

"ಹಳೇದು?"

"ಗುಜರಿಗೆ ಹಾಕಿದೆ," ಎಂದ ಜಿನೇಂದ್ರ. "ತುಕ್ಕ ತಿಂದಿತ್ರಿ."

ದುಂಡಪ್ಪ ಹುಬ್ಬೇರಿಸಿದ. "ಮಡಚಿತ್ತು ಅಷ್ಟ. ನಾ ಬಡದ ನೆಟ್ಟಗ ಮಾಡ್ತಿದ್ದೆ."

ಅಕ್ಕ ಹೊರಗೆ ಬಂದು ಹವಾಲ್ದಾರ ಗುರುಸಿದ್ದನಿಗೆ ಫೋನ್ ಹಚ್ಚಿ, ಬಹಳ ಹೊತ್ತು ಮಾತಾಡಿದರು.

ಮರುದಿನ ಅದೇ ಅಂಗಳದಲ್ಲಿ ಎಲ್ಲರೂ ಸೇರಿದರು. ಚಾಂದಸಾಬನೂ ಬಂದು ಗೋಡೆಗೆ ಆತು ನಿಂತ. ಅವನ ಪಕ್ಕದಲ್ಲಿದ್ದವರು ದೂರ ಸರಿದರು. ಜಿನೇಂದ್ರನ ಕೆಂಪು ಕಾರು ಗೇಟಿನ ಹೊರಗಿತ್ತು.

"ಗುದ್ದಿದ್ದು ಹಿಂದಿನಿಂದ," ಎಂದು ಅಕ್ಕ ಶುರು ಮಾಡಿದರು. "ಹ್ಯಾಂಡಲ್ ಸೊಟ್ಟ ಆಗಿದ್ದು ತಗ್ಗಿಗೆ ಬಿದ್ದು. ಗುದ್ದಿದ ಗಾಡಿ ಗುರುತು ಉಳಿಯೂದು ಹಿಂದಿನ ಮಡ್‌ಗಾರ್ಡ್‌ನ್ಯಾಗ. ಈ ಸೈಕಲ್ಲಿನ್ಯಾಗ ಇಲ್ಲದ್ದು ಅದೊಂದ. ಬ್ರಾಹ್ಮಿ, ನಿನ್ನ ಫೋಟೊದಾಗ ಹಿಂದಿನ ಭಾಗ ಕಾಣತೈತೇನು?"

"ಇಲ್ರಿ."

"ಹಂಗಾದ್ರ ಬೆಳಗಾವ್ಯಾಗ ಕುಂತವರಿಗೆ ಅದು ಮಡಚೇತಿ ಅಂತ ಮೊದಲನೇ ದಿನಾನ ಹೆಂಗ ಗೊತ್ತಾತು?"

ಎಲ್ಲರ ಕಣ್ಣೂ ಜಿನೇಂದ್ರನತ್ತ ಹೊರಳಿದವು. "ಅಂದಾಜಿಲೆ ತಂದೆ," ಎಂದ ಅವನು. "ಇಷ್ಟ ದಿನಾ ಅಂಗಡಿ ಧಂದೇ ಬಿಟ್ಟ ದುಡದೀನಿ. ಅದಕ್ಕ ಇದೇನ್ರಿ ಬಹುಮಾನ?"

"ದುಡದೀರಿ, ಖರೇ. ಗುಜರಿ ಮಾತು ಮಾತ್ರ ಖರೇ ಅಲ್ಲ. ಹಳೇ ಬೋಲ್ಟ್ ಸೈತ ಎಸೀದವರು ಆ ಕಾಲದ ಮಡ್‌ಗಾರ್ಡ್ ಎಸೀತೀರಿ? ಅದಕ್ಕ ನಿಮ್ಮ ಮನಿ ನೋಡಾಕ ಹೇಳಿದೆ."

ಗುರುಸಿದ್ದ ಹಳೆಯ ಧೋತರದ ಸುತ್ತನ್ನು ಬಿಚ್ಚಿದ. "ಸಾಹುಕಾರ್ರ ಅಟ್ಟದ ಮ್ಯಾಲ ಸಿಕ್ತು. ಎಣ್ಣಿ ಸವರಿ ಇಟ್ಟಿದ್ರು." ಮಡಚಿದ ಹಸಿರು ಮಡ್‌ಗಾರ್ಡ್. ಕತ್ತಲಲ್ಲಿ ಕಾಣಲೆಂದು ಹಿಂದಿನವರು ಬಳಿಯುತ್ತಿದ್ದ ಬಿಳಿ ಬಣ್ಣ ಅದರ ತುದಿಯಲ್ಲಿತ್ತು. ಆ ಬಿಳಿಯ ಮೇಲೆ ಬೆರಳುದ್ದದ ಕೆಂಪು ಗೆರೆ.

"ಚಾಂದಸಾಬನ ಟೆಂಪೊ ನೀಲಿ," ಎಂದರು ಅಕ್ಕ. "ಈ ಕೆಂಪು, ಹೊರಗ ನಿಂತ ಕಾರಿಂದೋ ಅಲ್ಲೋ, ತಪಾಸಣಿ ಆಗಲಿ."

ತಪಾಸಣೆಯವರೆಗೆ ಜಿನೇಂದ್ರ ಕಾಯಲಿಲ್ಲ. ಎಣ್ಣೆಯ ಕೈಗಳನ್ನು ನೋಡಿಕೊಂಡ. "ಹಿಂದ ಟೆಂಪೊ ಬರಾಕತ್ತಿತ್ತು. ಅಂವ ನೋಡ್ಕೋತಾನ ಅಂತ..."

"ನೋಡ್ಕೊಂಡೆ," ಎಂದ ಚಾಂದಸಾಬ.

ಅರ್ಶಿಯಾ ಮುಂದೆ ಬಂದಳು. "ತಗಡ ಎಸೀಲಾಕ ನಿಮಗ ಮನಸ್ಸ ಬರಲಿಲ್ಲ. ಮನಷ್ಯಾನ್ನ ದಾರ್ಯಾಗ ಬಿಟ್ಟ ಬಂದ್ರಿ."

ಲಕ್ಷ್ಮೀ ಸೆರಗು ಬಾಯಿಗೊತ್ತಿಕೊಂಡಳು. ಬ್ರಾಹ್ಮಿ, "ನಾ ಈಗ ಏನ್ ಮಾಡ್ಲಿ ಅಕ್ಕಾರ?" ಎಂದಳು.

"ನನ್ನ ಕೇಳಬ್ಯಾಡ," ಎಂದರು ಅಕ್ಕ.

ಬ್ರಾಹ್ಮಿ ಅರ್ಶಿಯಾಳತ್ತ ತಿರುಗಿದಳು. ಕ್ಷಮೆಯ ಮಾತೇನೋ ತುಟಿಗೆ ಬಂದಿತ್ತು.

"ಮಾತು ಆಮ್ಯಾಲ," ಎಂದಳು ಅರ್ಶಿಯಾ. "ಮೊದಲ ಠಾಣೆಗೆ ನಡೀರಿ. ಹೆಸರ ಬರಸಿದವರು ನೀವು, ನೀವ ಅಳಸ್ರಿ."

ಬ್ರಾಹ್ಮಿ ತಲೆ ಬಗ್ಗಿಸಿ ಮುಂದೆ ನಡೆದಳು. ಅರ್ಶಿಯಾ ಆಕೆಯ ಜೊತೆಗೆ ಹೋಗಲಿಲ್ಲ. ಗಂಡನ ತೋಳು ಹಿಡಿದು, ನಾಲ್ಕು ಮಾರು ಹಿಂದೆಯೇ ನಡೆದಳು.