ಹನ್ನೊಂದು ದಿನದ ‘ಇಲ್ಲ’

ಏನ್ರೋ, ತಾತನಿಗೆ ಮರೆವು ಅಂತ ಕಿಸಿಕಿಸಿ ನಗ್ತಿದ್ದೀರಾ? ಸುಮ್ನೆ ಕೇಳಿ. ಒಂದು ಆಫೀಸಿನ ಬಾಗಿಲು ಕಾಯುತ್ತಿದ್ದವನು ನಾನು. ಅಲ್ಲಿನ ಒಬ್ಬ ಹುಡುಗಿ ಒಂದಿನ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು ಈಗಲೂ ಕಿವಿಯಲ್ಲಿದೆ.

ಆಸ್ಪತ್ರೆಗಳಿಗೆ ಪ್ರೋಗ್ರಾಂ ಮಾಡಿಕೊಡುವ ಸಣ್ಣ ಆಫೀಸು. ಕೋಡ್ ಬರೆಯುವವನು ಒಬ್ಬ ಹುಡುಗ, ಅದರಲ್ಲಿ ತಪ್ಪು ಹುಡುಕುವ ಟೆಸ್ಟರು ಆ ಹುಡುಗಿ. ಎದುರುಬದುರು ಮೇಜು. ಮಾನಿಟರಿನ ಮೇಲಿಂದ ಅವನ ಎರಡು ಕಣ್ಣು ಇಣುಕುತ್ತಿದ್ದವು. ಇವಳು ನೋಡಿದರೆ ಪಟ್ಟನೆ ಮುಳುಗುತ್ತಿದ್ದವು. ಆ ಆಟ ಅವಳಿಗೆ ಇಷ್ಟ.

ಈಗ ಹನ್ನೊಂದು ದಿನದಿಂದ ಕಣ್ಣೂ ಇಲ್ಲ, ಮಾತೂ ಇಲ್ಲ. ಸಾಲದ್ದಕ್ಕೆ ಬೇರೆ ಊರಿಗೆ ವರ್ಗ ಕೇಳಿದ್ದಾನಂತೆ, ಸೋಮವಾರ ಹೊರಡುತ್ತಾನಂತೆ. ‘ನಾನೇನು ಮಾಡಿದೆ?’ ಅಂತ ಅವಳಿಗೆ ಮೈಯೆಲ್ಲ ಉರಿ.

ಶುಕ್ರವಾರ ಮಧ್ಯಾಹ್ನ ಆ ಸಿಟ್ಟನ್ನು ಕೀಬೋರ್ಡಿನ ಮೇಲೆ ತೀರಿಸುತ್ತ, ಪರೀಕ್ಷೆಗೆಂದು ಇಟ್ಟಿದ್ದ ಸುಳ್ಳು ರೋಗಿಯ ಫಾರಂ ತೆರೆದಳು. ಯಾವಾಗಲೂ ಮೊದಲ ಪುಟ ಮಾತ್ರ ತುಂಬಿ ಇಡೀ ಫಾರಂ ಸೇವ್ ಮಾಡುವವಳು, ಅಂದು ಎರಡನೆಯ ಪುಟಕ್ಕೂ ಹೋದಳು. ಕೊನೆಯಲ್ಲಿ ಅವನು ಸೇರಿಸಿಟ್ಟಿದ್ದ ಸಾಲು: ‘ಟೆಸ್ಟರಮ್ಮ ನನ್ನನ್ನು ಮದುವೆಯಾಗ್ತಾರಾ?’ ಅದರೆದುರು: ‘ಇಲ್ಲ.’ ಸೇವ್ ಆಗಿ ಹನ್ನೊಂದು ದಿನ. ಸೇವ್ ಮಾಡಿದವಳು ತಾನೇ!

ಕುರ್ಚಿ ಕಿರ್ರೆಂದಿತು.

“ರೀ ಕೋಡ್ ಸಾಹೇಬ್ರೇ, ಏನಿದು?”

ಅವನ ಮುಖ ಬಿಳಚಿಕೊಂಡಿತು. “ಉತ್ತರ ಕೊಟ್ಟಾಯ್ತಲ್ಲ. ಮತ್ಯಾಕೆ ಕೆದಕ್ತೀರಿ?”

“ನಾನೆಲ್ಲಿ ಕೊಟ್ಟೆ? ಈ ಪುಟ ನೋಡಿದ್ದೇ ಇವತ್ತು! ಈ ಜಾಗಕ್ಕೆ ಯಾವ ಟೈಪ್ ಹಾಕಿದ್ರಿ?”

“ಬೂಲಿಯನ್. ಹೌದು, ಇಲ್ಲ, ಎರಡೇ.”

“ಯಾರೂ ಮುಟ್ಟದೇ ಇದ್ರೆ ಅದರ ಡೀಫಾಲ್ಟ್ ಏನು?”

ಅವನು ಪರದೆಯತ್ತ ಬಾಗಿ ನೋಡಿದ. “...ಇಲ್ಲ.”

“ಹೋದ ತಿಂಗಳು ಇದನ್ನೇ ಬಡ್ಕೊಂಡೆನಲ್ರೀ! ಔಷಧಿ ಅಲರ್ಜಿ ಇದ್ಯಾ ಅಂತ ರೋಗೀನ ಯಾರೂ ಕೇಳದಿದ್ರೂ ‘ಇಲ್ಲ’ ಅಂತ ತಾನೇ ತುಂಬ್ಕೊಳ್ಳುತ್ತೆ, ಖಾಲಿ ಇರೋ ಹಾಗೆ ಮಾಡಿ ಅಂತ!”

“ರೋಗಿಗಳದ್ದು ಸರಿ ಮಾಡಿದ್ದೆ,” ಎಂದ ಅವನು ಮೆಲ್ಲಗೆ. “ನಂದು ಮರೆತೆ.”

“ಹನ್ನೊಂದು ದಿನ ರೀ! ಬಾಯಿಬಿಟ್ಟು ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?” ಬೈಯುತ್ತಲೇ ಅವಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಅವನು ಮೇಜು ಸುತ್ತಿಕೊಂಡು ಬಂದ. ನಡುವೆ ಮಾನಿಟರ್ ಇಲ್ಲದೆ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು.

“ಈಗ ಕೇಳ್ಲಾ?”

“ಮೊದ್ಲು ಆ ‘ಇಲ್ಲ’ ತೆಗೀರಿ.”

ಮೂರು ಸಲ ತಪ್ಪು ಒತ್ತಿ, ಕೊನೆಗೂ ಆ ಜಾಗ ಖಾಲಿ ಮಾಡಿದ. ಆಮೇಲೆ ಅವಳ ಕಣ್ಣನ್ನೇ ನೋಡುತ್ತ ಕೇಳಿದ. ಈ ಸಲ ಕಣ್ಣು ಮುಳುಗಲಿಲ್ಲ.

ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. “ಹೂಂ. ಹೋಗಿ, ಮೊದ್ಲು ಆ ವರ್ಗ ರದ್ದು ಮಾಡಿಸ್ಕೊಂಡು ಬನ್ನಿ.”

ಬಾಗಿಲು ತೆಗೆದುಕೊಟ್ಟವನು ನಾನೇ. ಓಡಿದ ಭರಕ್ಕೆ ನನ್ನ ಕಾಲು ತುಳಿದ.

ನಿಮ್ಮ ಪೈಕಿ ಯಾರಾದರೂ ಕೇಳದೆಯೇ ಉತ್ತರ ಊಹಿಸಿಕೊಂಡು ಮುಖ ಊದಿಸಿ ಕೂತಿದ್ದರೆ, ಅವರಿಗೆ ಇದನ್ನು ಕಳಿಸಿ. ಇವತ್ತೇ ಕಳಿಸ್ರೋ!