ಕಣ್ಣಾರೆ ಕಂಡಿದ್ದೇನೆ

ವರ್ನೆಟಾ ಪ್ರೂಯಿಟ್ ಪ್ರತಿ ಮಂಗಳವಾರ ಕಚೇರಿಗೆ ಬರುತ್ತಿದ್ದಳು. ಸ್ಟಾಸಿಯಕ್‌ಗೆ ಸಹಿಸಲಾಗದ್ದು ಅದೇ.

ಕ್ಲೀವ್‌ಲ್ಯಾಂಡಿನಲ್ಲಿ ಬ್ಯಾಂಕುಗಳು ಜಪ್ತಿ ಮಾಡಿ ಪಾಳುಬಿಟ್ಟ ಮನೆಗಳನ್ನು ರಿಪೇರಿ ಮಾಡಿ ಬಡವರಿಗೆ ಕೊಡುವ ಸಂಸ್ಥೆಯಲ್ಲಿ ಅವನು ತಪಾಸಣೆಗಾರ. ಯಾವುದು ಉಳಿಯಬೇಕು, ಯಾವುದನ್ನು ಕೆಡವಬೇಕು ಎಂದು ಬರೆಯುವವನು. ಅರವತ್ತು ದಾಟಿದ ವರ್ನೆಟಾ ಕೇಳುತ್ತಿದ್ದುದು ತಾನು ಕಳೆದುಕೊಂಡ ಮನೆಯನ್ನೇ.

“ಏನ್ ಮಗಾ, ನನ್ ಮನೆ ನೋಡೋಕೆ ಇನ್ನೂ ಗಳಿಗೆ ಕೂಡಿ ಬಂದಿಲ್ವಾ?” ಎನ್ನುತ್ತ ಸಿಹಿಗೆಣಸು ತುಂಬಿ ಬೇಯಿಸಿದ ಪೈ ಮೇಜಿನ ಮೇಲಿಡುತ್ತಿದ್ದಳು. “ತಿನ್ನು, ಲಂಚ ಅಲ್ಲ. ಲಂಚ ಆಗಿದ್ರೆ ಇನ್ನೊಂಚೂರು ಬೆಣ್ಣೆ ಹಾಕ್ತಿದ್ದೆ.”

ಅವನು ತಿನ್ನುತ್ತಿದ್ದ.

ಏಳು ವರ್ಷದ ಹಿಂದೆ ಅವನು ಬ್ಯಾಂಕಿನ ಪರವಾಗಿ ದಿನಕ್ಕೆ ಮುನ್ನೂರು ಜಪ್ತಿ ಪ್ರಮಾಣಪತ್ರಗಳಿಗೆ ರುಜು ಹಾಕುತ್ತಿದ್ದ. ‘ಕಡತವನ್ನು ಓದಿದ್ದೇನೆ’ ಎಂದು ಅಚ್ಚಾಗಿರುತ್ತಿತ್ತು. ಒಂದನ್ನೂ ಓದಿರಲಿಲ್ಲ. ವರ್ನೆಟಾ ಸಾಲದ ಒಂದು ಕಂತನ್ನೂ ತಪ್ಪಿಸಿರಲಿಲ್ಲ ಎಂದು ತಿಳಿದದ್ದು ಈಗ, ಅವಳ ಅರ್ಜಿಯ ಜೊತೆಗಿದ್ದ ರಸೀದಿಗಳಿಂದ. ಮನೆ ಅವಳಿಗೆ ಹೋದರೆ ಹಕ್ಕುಪತ್ರ ಮಾಡಲು ವಕೀಲರು ಹಳೆಯ ಕಾಗದಗಳನ್ನು ಬಿಚ್ಚುತ್ತಾರೆ. ಅವುಗಳಲ್ಲಿರುವ ಅವನ ರುಜು ಹೊರಬೀಳುತ್ತದೆ. ಮನೆಯೇ ಇಲ್ಲದಿದ್ದರೆ ಯಾರೂ ಏನನ್ನೂ ಬಿಚ್ಚುವುದಿಲ್ಲ.

ಅವನು ಅವಸರ ಮಾಡಲಿಲ್ಲ. ಎರಡು ಬೀದಿಯಾಚೆ ಆರು ತಿಂಗಳ ಹಿಂದೆ ಕೆಡವಿದ್ದ ಮನೆಯೊಂದರ ಫೋಟೋಗಳು ಅವನ ಬಳಿ ಇದ್ದವು. ಯಾವ ವರದಿಗೂ ಬಳಸದವು. ಹೋಲಿಸಿ ನೋಡಲು ಆ ಮನೆ ಉಳಿದಿರಲಿಲ್ಲ. ಬೀದಿ, ಕಿಟಕಿ ಕಾಣದ ನಾಲ್ಕನ್ನು ವರ್ನೆಟಾಳ ಮನೆಯ ವರದಿಗೆ ಆರಿಸಿದ. ಎಲ್ಲವೂ ಕೆಟ್ಟಿದೆ ಎಂದರೆ ಅನುಮಾನ ಬರುತ್ತದೆಂದು ಚಾವಣಿಗೆ ಒಳ್ಳೆಯ ಅಂಕ ಕೊಟ್ಟ.

ಒಂದು ಮಧ್ಯಾಹ್ನ ಅವಳ ಮನೆಯವರೆಗೂ ಹೋದ. ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಮುಂದೆ ವರ್ನೆಟಾ ಹುಲ್ಲು ಕತ್ತರಿಸುತ್ತಿದ್ದಳು, ತನ್ನದಲ್ಲದ ಅಂಗಳದಲ್ಲಿ. ಕಾರಿನಿಂದ ಇಳಿಯಲಾಗದೆ ಹಿಂತಿರುಗಿದ. ವರದಿಯ ‘ಒಳಗೆ ಹೋಗಿ ಕಣ್ಣಾರೆ ಕಂಡಿದ್ದೇನೆ’ ಎಂಬ ಸಾಲಿನ ಕೆಳಗೆ ರುಜು ಹಾಕಿದ.

ಅರ್ಜಿದಾರರೂ ಇದ್ದ ಸಂಸ್ಥೆಯ ಸಭೆಯಲ್ಲಿ ಅಧ್ಯಕ್ಷೆ ವರದಿ ಓದಿದಳು: ನೆಲಮಾಳಿಗೆಯ ಗೋಡೆ ಕುಸಿದಿದೆ, ಮೊಣಕಾಲುದ್ದ ನೀರು ನಿಂತಿದೆ, ಕೆಡವುವುದೇ ಲೇಸು. ಫೋಟೋಗಳು ಕೈಯಿಂದ ಕೈಗೆ ದಾಟಿ ವರ್ನೆಟಾಳನ್ನು ತಲುಪಿದವು. ಅವಳು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದಳು. ಸಿಟ್ಟಾಗಲಿಲ್ಲ. ಸ್ಟಾಸಿಯಕ್‌ನತ್ತ ತಿರುಗಿ “ಪಾಪ, ನೀನು ಯಾರ ಮನೆಗೆ ಹೋಗಿದ್ದೆ ಮಗಾ?” ಎಂದಳು. “ನಮ್ಮಪ್ಪ ಅದನ್ನ ಬರೀ ಕಾಂಕ್ರೀಟ್ ಹಾಸಿನ ಮೇಲೆ ಕಟ್ಟಿದ್ದು. ನಮ್ ಮನೆಗೆ ನೆಲಮಾಳಿಗೆನೇ ಇಲ್ಲ.”