ನಡುವಿನ ಸೀಟು

ಆಂಬ್ರೋಸ್ ನಮ್ಮ ಹೊಲಕ್ಕೆ ಬಂದ ದಿನ ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಟ್ರಕ್ಕನ್ನು.

ಕೊಟ್ಟಿಗೆಯ ಹಿಂದೆ, ಎಲ್ಮ್ ಮರದ ಕೆಳಗೆ ಅದು ಇಪ್ಪತ್ತಾರು ವರ್ಷದಿಂದ ನಿಂತಲ್ಲೇ ನಿಂತಿತ್ತು. ಗೋಧಿ ಸಾಗಿಸಲೆಂದು ಅಜ್ಜ 1951ರಲ್ಲಿ ಕೊಂಡದ್ದು. ಚಕ್ರಗಳು ಮಣ್ಣಿನಲ್ಲಿ ಅರ್ಧ ಹೂತಿದ್ದವು, ಹಿಂದಿನ ಮರದ ಹಲಗೆಗಳ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಆಂಬ್ರೋಸ್ ಟೋಪಿ ತೆಗೆದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಹೇಗಿದ್ದೀಯ ಮುದುಕ? ಯಾರೂ ವಿಚಾರಿಸಲೇ ಇಲ್ವಾ ನಿನ್ನ?"

"ನನ್ನನ್ನೂ ಯಾರೂ ವಿಚಾರಿಸಿಲ್ಲ" ಎಂದೆ.

ಅವನ ಕಿವಿ ಕೆಂಪಾಯಿತು. "ಹೇಗಿದ್ದೀಯ ಲಿಯೋನಾ" ಎಂದವನೇ ಬಾನೆಟ್ ಎತ್ತಿ ಒಳಗೆ ತಲೆ ಹಾಕಿಬಿಟ್ಟ.

ಊರಿನ ರೈತರ ಸೊಸೈಟಿಯ ರಿಪೇರಿ ಶೆಡ್ಡು ಅವನ ಉಸ್ತುವಾರಿ. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮುಂದಿದ್ದ. ಕ್ಯಾನ್ಸಸ್ಸಿನ ನಮ್ಮ ಸೇಂಟ್ ಒಡೀಲಿಯಾದ ಗಂಡಸರೇ ಮಾತಿಗೆ ಜಿಪುಣರು. ಇವನು ಅವರಲ್ಲೂ ಕಡುಜಿಪುಣ. ನನಗೆ ಅವನೆಂದರೆ ಇಷ್ಟ ಎನ್ನುವುದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಮೂವತ್ತೆಂಟು ವಯಸ್ಸಿಗೆ ಇಂಥ ಹುಚ್ಚು ಯಾಕೆ ಎಂದು ನನ್ನನ್ನೇ ಬೈದುಕೊಂಡದ್ದೂ ಉಂಟು.

ಹಾಗೆಂದು ಟ್ರಕ್ ರಿಪೇರಿಗೆ ಅವನನ್ನು ಕರೆಸಿದ್ದು ಬರೀ ನೆಪವಲ್ಲ. ಅಪ್ಪ ಹೋದ ಮೇಲೆ ಹೊಲ ನನ್ನ ಪಾಲಿಗೆ ಬಂದಿತ್ತು. ಕೊಯ್ಲಿಗೆ ಇನ್ನು ಮೂರೇ ವಾರ. ಇದ್ದ ಇನ್ನೊಂದೇ ಟ್ರಕ್ಕು ಗೋಧಿ ಹೊತ್ತು ಸೊಸೈಟಿಗೆ ಹೋಗಿ ಬರುವತನಕ ಕಟಾವು ಯಂತ್ರ ಹೊಟ್ಟೆ ತುಂಬಿಸಿಕೊಂಡು ಸುಮ್ಮನೆ ನಿಂತಿರಬೇಕಾಗುತ್ತಿತ್ತು.

"ಎಂಜಿನ್ ಹಿಡ್ಕೊಂಡಿದೆ" ಎಂದ ಆಂಬ್ರೋಸ್.

"ಜೋರಾಗಿ ತಿರುಗಿಸಿದ್ರೆ?"

"ಮುರಿಯತ್ತೆ. ಎಣ್ಣೆ ಕುಡಿಸಿ ಕಾಯಬೇಕು."

"ಎಷ್ಟು ದಿನ?"

"ಅದಕ್ಕೆ ಮನಸ್ಸು ಬರೋವರೆಗೆ."

ಪ್ಲಗ್ಗುಗಳನ್ನು ಬಿಚ್ಚಿ ಆರು ತೂತಿಗೂ ಎಣ್ಣೆ ಸುರಿದ. ಅಂದಿನಿಂದ ದಿನಾ ಸಂಜೆ ಶೆಡ್ಡು ಮುಚ್ಚಿ ಬರುವನು. ಎಂಜಿನ್ನಿನ ಮುಂದಿನ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ, ಕಣ್ಣು ಮುಚ್ಚಿ, ಮೆಲ್ಲನೆ ಒತ್ತುವನು. ನಾನು ಬಕೆಟ್ ಬೋರಲು ಹಾಕಿಕೊಂಡು ಕೂತು ನೋಡುತ್ತಿದ್ದೆ. ಎಲೆಕೋಸು, ಮಾಂಸ ತುಂಬಿದ ಬಿಸಿ ಬನ್ನು ಮಾಡಿ ತಂದರೆ ಒಂದೂ ಮಾತಿಲ್ಲದೆ ನಾಲ್ಕು ತಿನ್ನುವನು. ಅವನ ಕೈ ನೋಡುವುದೇ ಒಂದು ಸುಖ. ಅಷ್ಟು ದಪ್ಪ ಬೆರಳುಗಳು ಅಷ್ಟು ನಾಜೂಕಾಗಿ ಕೆಲಸ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಂಟನೆಯ ಸಂಜೆ ಪಾನಾ ಒಂದು ಬೆರಳಗಲ ಸರಿಯಿತು.

"ಲಿಯೋನಾ" ಎಂದ ಪಿಸುದನಿಯಲ್ಲಿ. "ಬಂತು."

ಅವನು ನಕ್ಕದ್ದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಕೆಟ್ಟಿನಿಂದ ಎದ್ದವಳಿಗೆ ಏನು ಮಾಡಬೇಕೆಂದು ತೋಚದೆ ಮತ್ತೆ ಕೂತೆ.

ಆಮೇಲಿನದು ಸಲೀಸು. ಏರ್ ಫಿಲ್ಟರಿನಿಂದ ಇಲಿಗೂಡು ತೆಗೆದ. ವಾರ್ನಿಷ್ಷಿನಂತೆ ನಾರುತ್ತಿದ್ದ ಹಳೆ ಪೆಟ್ರೋಲು ಚೆಲ್ಲಿ, ಕಾರ್ಬೊರೇಟರ್ ತೊಳೆದ. ಬೇರೆ ಟೈರು, ಹೊಸ ಬ್ಯಾಟರಿ ಬಂದವು. ಒಂದು ಶನಿವಾರ ಬೆಳಿಗ್ಗೆ ಸ್ಟಾರ್ಟರ್ ಒತ್ತಿದೆ. ಟ್ರಕ್ಕು ಸೀನಿತು, ಕೆಮ್ಮಿತು, ಕಪ್ಪು ಹೊಗೆ ಕಾರಿ ನಮ್ಮ ಕೋಳಿಗಳನ್ನೆಲ್ಲ ಓಡಿಸಿತು. ಆಮೇಲೆ ಹದಕ್ಕೆ ಬಂದು ಗುಡುಗುಡು ಎನ್ನತೊಡಗಿತು. ನನ್ನ ಕಣ್ಣು ತುಂಬಿತು. ಅಜ್ಜನ ಟ್ರಕ್ಕು ಎದ್ದಿತೆಂಬ ಸಂತೋಷ ಅರ್ಧ. ನಾಳೆಯಿಂದ ಇವನು ಬರುವುದಿಲ್ಲವಲ್ಲ ಎಂಬ ಸಂಕಟ ಇನ್ನರ್ಧ.

"ಸೊಸೈಟಿ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸ್ಕೊಂಡು ಬರೋಣ" ಎಂದು ಅವನು ಸ್ಟಿಯರಿಂಗ್ ಹಿಡಿದ. ನಾನು ಆಚೆ ಬಾಗಿಲು ತೆಗೆದೆ. ಕಾಲಿಡುವಲ್ಲಿ ನೆಲವೇ ಇರಲಿಲ್ಲ. ತಗಡು ತುಕ್ಕು ತಿಂದು ಹೋಗಿ ಕೆಳಗಿನ ಹುಲ್ಲು ಕಾಣುತ್ತಿತ್ತು.

"ಈ ಕಡೆ ಸರಿದು ಕೂತ್ಕೋ" ಎಂದ, ನನ್ನ ಕಡೆ ನೋಡದೆ.

ಸರಿದೆ. ಭುಜಕ್ಕೆ ಭುಜ ತಾಗಿತು.

ನಮ್ಮೂರಲ್ಲಿ ಇದು ಸಣ್ಣ ವಿಷಯವಲ್ಲ. ಟ್ರಕ್ಕಿನ ಉದ್ದ ಸೀಟಿನಲ್ಲಿ ತಂಗಿಯಾದರೆ, ಕೆಲಸದವರಾದರೆ ಬಾಗಿಲ ಪಕ್ಕ ಕೂರುತ್ತಾರೆ. ನಡುವೆ, ಓಡಿಸುವವನಿಗೆ ಅಂಟಿ ಕೂರುವವಳು ಅವನನ್ನು ಮದುವೆಯಾಗುವವಳು. ಹಿಂದಿನ ಗಾಜಿನಲ್ಲಿ ಎರಡು ತಲೆಗಳ ಅಂತರ ನೋಡಿಯೇ ಊರು ತೀರ್ಮಾನಿಸಿಬಿಡುತ್ತದೆ. ಪಾದ್ರಿ ಚರ್ಚಿನಲ್ಲಿ ಮದುವೆ ಸಾರುವುದು ಆಮೇಲಿನ ಶಾಸ್ತ್ರ.

ಬಂಕಿನಲ್ಲಿ ಏಳೆಂಟು ಜನರಿದ್ದರು. ಪಕ್ಕದಲ್ಲೇ, ಟ್ರಕ್ಕು ತೂಗುವ ವೇಬ್ರಿಡ್ಜಿನ ಕಿಟಕಿಯಲ್ಲಿ ತೂಕ ಬರೆಯುವ ನಮ್ಮ ಅಲ್ವಿನಾ ಚಿಕ್ಕಮ್ಮ ಕನ್ನಡಕ ಮೇಲೇರಿಸಿ ನೋಡಿದಳು.

"ಅಂತೂ ಬುದ್ಧಿ ಬಂತಾ ಇಬ್ಬರಿಗೂ? ಮದುವೆ ಯಾವ ತಿಂಗಳು?"

ಆಂಬ್ರೋಸ್ ಧಡಕ್ಕನೆ ಇಳಿದ. "ಹಾಗೇನಿಲ್ಲ ಅಲ್ವಿನಾ ಅವರೇ. ನೆಲ ತೂತಾಗಿದೆ, ಅದಕ್ಕೆ." ಅಷ್ಟಕ್ಕೇ ಬಿಡಲಿಲ್ಲ. ಅಲ್ಲಿದ್ದ ಒಬ್ಬೊಬ್ಬರನ್ನೂ ಕರೆದು, ಬಾಗಿಲು ತೆಗೆದು, ತೂತು ತೋರಿಸಿದ. ವರ್ಷಕ್ಕೆ ಆಡುವಷ್ಟು ಮಾತನ್ನು ಹತ್ತು ನಿಮಿಷದಲ್ಲಿ ಆಡಿ ಮುಗಿಸಿದ. ನಾನು ನಡುವಿನ ಸೀಟಿನಲ್ಲಿ ಕೂತು ಮುಖ ಎಲ್ಲಿಡಲೆಂದು ತಿಳಿಯದೆ ಮಡಿಲು ನೋಡಿಕೊಂಡೆ.

ಮನೆ ಮುಟ್ಟಿದೆವು. ಇಳಿದ ಮೇಲೆ ಕೇಳಿದೆ, "ಅಷ್ಟೊಂದು ಜನಕ್ಕೆ ಯಾಕೆ ಹೇಳಿದೆ?"

"ನಿನ್ನ ಹೆಸರು ಕೆಡಬಾರದಲ್ಲ."

"ನನ್ನ ಮಾನ ಹೋಗಿದ್ದು ನೀನು ಹೇಳಿದ ಮೇಲೆ, ಆಂಬ್ರೋಸ್."

ಅವನು ಟೋಪಿಯನ್ನು ಹಿಂದೆ ಮುಂದೆ ತಿರುಗಿಸುತ್ತ ನಿಂತ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎರಡು ದಿನ ಬಿಟ್ಟು ವೆಲ್ಡಿಂಗ್ ಸಾಮಾನು ಹೊತ್ತು ಬಂದ. ಇಡೀ ಮಧ್ಯಾಹ್ನ ಟ್ರಕ್ಕಿನ ಕೆಳಗೆ ಮಲಗಿ ದಪ್ಪ ತಗಡು ಬೆಸೆದ. ಬೆಸುಗೆಯ ಗೆರೆ ಹೊಲಿಗೆ ಹಾಕಿದಷ್ಟು ಸಮವಾಗಿತ್ತು. ಅಷ್ಟು ಚೆಂದದ ಕೆಲಸಕ್ಕೆ ಕೈಮುಗಿಯಬೇಕೋ, ಅದೇ ಪಾನಾ ಎತ್ತಿ ಹೊಡೆಯಬೇಕೋ ತಿಳಿಯಲಿಲ್ಲ.

"ಈಗ ನೀನು ಎಲ್ಲಿ ಬೇಕಾದ್ರೂ ಕೂರಬಹುದು" ಎಂದ.

"ತುಂಬಾ ಉಪಕಾರವಾಯ್ತು" ಎಂದೆ. ಬನ್ನು ಕೊಡಲಿಲ್ಲ.

ಕೊಯ್ಲು ಶುರುವಾಯಿತು. ನಮ್ಮ ಮುದುಕ ಟ್ರಕ್ಕಿನ ಬೆನ್ನಿಗೆ ಮೊದಲ ಲೋಡು ಗೋಧಿ ಬಿದ್ದಾಗ ಆಂಬ್ರೋಸ್ ಬಂದ. ಭಾರ ಬಿದ್ದ ಮೇಲೆ ಬ್ರೇಕ್ ಹೇಗಿದೆ ಎಂದು ನೋಡಬೇಕಂತೆ. ನಾನಾಗಲೇ ಸ್ಟಿಯರಿಂಗ್ ಮುಂದೆ ಕೂತಿದ್ದೆ.

"ನಾನು ಓಡಿಸ್ಲಾ? ಕ್ಲಚ್ ಗಟ್ಟಿ ಇದೆ."

"ಹನ್ನೆರಡನೇ ವಯಸ್ಸಿಗೇ ಓಡಿಸಿದೀನಿ ಇದನ್ನ. ನೀನು ಆ ಕಡೆಯಿಂದ ಹತ್ತು." ಆಮೇಲೆ, ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಬಾಯಿಗೆ ಬಂತು. "ನಂಗೆ ನೀನಂದ್ರೆ ಇಷ್ಟ ಆಂಬ್ರೋಸ್. ಹೇಳ್ದೆ. ಸೀಟು ಉದ್ದಕ್ಕಿದೆ, ನೆಲ ನೀನೇ ಗಟ್ಟಿ ಮಾಡಿದೀಯ. ಎಲ್ಲಿ ಕೂರಬೇಕೋ ಯೋಚಿಸಿ ಕೂತ್ಕೋ. ಇನ್ನೊಂದು ಸಲ ನಾನು ಕೇಳಲ್ಲ."

ಅವನು ಹತ್ತಿ ಬಾಗಿಲ ಪಕ್ಕ ಕೂತ.

ಮೂರು ಮೈಲಿ ಹಾಗೇ ಹೋದೆವು. ಗೋಧಿಯ ಧೂಳಿಗೆ ಕಣ್ಣುರಿ ಎಂದು ನಾನು ಎರಡು ಸಲ ಕಣ್ಣೊರೆಸಿಕೊಂಡೆ. ಚರ್ಚಿನ ತಿರುವಿನಲ್ಲಿ, ಸೊಸೈಟಿಯ ಮುಂದಿನ ಟ್ರಕ್ಕುಗಳ ಸಾಲು ಕಂಡಾಗ, ಅವನು "ನಿಲ್ಸು" ಎಂದ.

ನಿಲ್ಲಿಸಿದೆ. ಇಳಿದು ನಡೆದೇ ಹೋಗುತ್ತಾನೆ ಎಂದುಕೊಂಡೆ.

"ಆವತ್ತು ತೂತಿತ್ತು ಅಂತ ನೀನು ನನ್ನ ಪಕ್ಕ ಕೂತೆ" ಎಂದ, ಎದುರಿನ ಗಾಜು ನೋಡುತ್ತ. "ಬೇರೆ ದಾರಿ ಇರಲಿಲ್ಲ ನಿಂಗೆ. ಅದು ನನಗೆ ಸರಿ ಕಾಣಲಿಲ್ಲ. ನೆಲ ಗಟ್ಟಿ ಆದಮೇಲೂ ಕೂರ್ತಾಳಾ ನೋಡೋಣ ಅಂತ ಬೆಸೆದೆ."

"ಅದನ್ನ ಬಾಯಿಬಿಟ್ಟು ಕೇಳೋಕೆ ಏನಾಗಿತ್ತು?"

"ಕೇಳಿದೆನಲ್ಲ. ಎಲ್ಲಿ ಬೇಕಾದ್ರೂ ಕೂರಬಹುದು ಅಂತ."

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಸೀಟಿನ ಸ್ಪ್ರಿಂಗು ಕಿರುಗುಟ್ಟಿತು. ಆರಡಿ ನಾಲ್ಕಂಗುಲದ ಆಳು ಗೇರಿನ ಎರಡೂ ಕಡೆ ಮಂಡಿ ಮಡಚಿ, ತಲೆ ತಗ್ಗಿಸಿ, ನಡುವಿಗೆ ಸರಿದು ನನಗೆ ಅಂಟಿ ಕೂತ. ಅವನ ಎದೆ ಬಡಿತ ನನ್ನ ತೋಳಿಗೆ ತಿಳಿಯುತ್ತಿತ್ತು.

ಗೇರು ಹಾಕಿ ಹೊರಟೆ. ಸಾಲಿನಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ತಿರುಗಿದರು. ಹೆಂಗಸು ಓಡಿಸುತ್ತಿರುವ ಟ್ರಕ್ಕಿನ ನಡುವೆ ಗಂಡಸು ಕೂತದ್ದನ್ನು ನಮ್ಮೂರು ಕಂಡೇ ಇರಲಿಲ್ಲ. ನಮ್ಮ ಸರದಿ ಬಂದಾಗ ನಾನು ವೇಬ್ರಿಡ್ಜ್ ಹತ್ತಿಸಿದೆ. ಅಲ್ವಿನಾ ಚಿಕ್ಕಮ್ಮ ಕಿಟಕಿಯಿಂದ ಅರ್ಧ ಹೊರಗೆ ಬಾಗಿದಳು.

"ಏನಪ್ಪಾ ಆಂಬ್ರೋಸ್, ನೆಲ ಮತ್ತೆ ತೂತಾಯ್ತಾ?"

ಅವನು ನನ್ನ ಮುಂದೆ ಬಾಗಿ, ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಹೇಳಿದ.

"ಇಲ್ಲ ಚಿಕ್ಕಮ್ಮ. ನೆಲ ಗಟ್ಟಿಯಾಗೇ ಇದೆ."